ಮುಖದ ಮೇಲೆ ಬಿಸಿಲಿನ ಗುರುತು: ಲೇಸರ್ ಮತ್ತು ಬೆಳಕಿನ ಚಿಕಿತ್ಸೆ ಯಾರಿಗೆ, ಯಾವಾಗ?



ಆಸ್ಟ್ರೇಲಿಯಾದಲ್ಲಿ ತಂಪಾಗಿರುವ ದಿನವೂ ಅತಿನೇರಳೆ ಕಿರಣಗಳು ತೀಕ್ಷ್ಣವಾಗಿರಬಹುದು. ಸೆಖೆಗೂ ಈ ಕಿರಣಗಳಿಗೂ ನೇರ ಸಂಬಂಧವಿಲ್ಲ. ವರ್ಷಗಟ್ಟಲೆ ಬಿದ್ದ ಬಿಸಿಲು ಮುಖ, ಕಿವಿ ಮತ್ತು ಬೋಳಾದ ನೆತ್ತಿಯ ಮೇಲೆ ಗುರುತು ಬಿಡುತ್ತದೆ. ನಮ್ಮ ಕಂದು ಚರ್ಮಕ್ಕೆ ಸ್ವಲ್ಪ ರಕ್ಷಣೆ ಇದೆ ನಿಜ, ಆದರೆ ಅದು ಪೂರ್ತಿ ರಕ್ಷಣೆಯಲ್ಲ.

ಮೊದಲು ಕಲೆ ಯಾವುದೆಂದು ತಿಳಿಯಿರಿ

• ಬಂಗು: ಕೆನ್ನೆ, ಹಣೆಯ ಮೇಲಿನ ಕಂದು ಛಾಯೆ. ಬಿಸಿಲು, ಹಾರ್ಮೋನು ಎರಡೂ ಕಾರಣ. ಇದಕ್ಕೆ ಲೇಸರ್ ಮೊದಲ ಚಿಕಿತ್ಸೆಯಲ್ಲ. ಕೆಲವರಿಗೆ ಅದರಿಂದ ಬಂಗು ಇನ್ನೂ ಕಪ್ಪಾಗುತ್ತದೆ.
• ಬಿಸಿಲ ಚುಕ್ಕೆ: ಅಂಚು ಸ್ಪಷ್ಟವಾಗಿರುವ, ಚಪ್ಪಟೆಯಾದ ಕಂದು ಚುಕ್ಕೆ. ಅಪಾಯವಿಲ್ಲ.
• ಆಕ್ಟಿನಿಕ್ ಕೆರಟೋಸಿಸ್: ಸವರಿದರೆ ಮರಳು ಕಾಗದದಂತೆ ಒರಟಾಗಿರುವ ತೇಪೆ. ಇದು ಕ್ಯಾನ್ಸರ್ ಅಲ್ಲ, ಆದರೆ ಕೆಲವು ಮುಂದೆ ಕ್ಯಾನ್ಸರ್ ಆಗಬಹುದು. ನಮ್ಮವರಲ್ಲಿ ಅಪರೂಪ. ಕಿಡ್ನಿ ಕಸಿಯ ನಂತರ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಎಚ್ಚರದಿಂದಿರಬೇಕು.

ಎರಡು ಚಿಕಿತ್ಸೆ ಸೇರಿದಾಗ ಆಗುವುದೇನು?

ಆಕ್ಟಿನಿಕ್ ಕೆರಟೋಸಿಸ್‌ಗೆ ಫೋಟೋಡೈನಮಿಕ್ ಎಂಬ ಬೆಳಕಿನ ಚಿಕಿತ್ಸೆ ಇದೆ. ಚರ್ಮಕ್ಕೆ ಒಂದು ಔಷಧ ಹಚ್ಚುತ್ತಾರೆ. ಕೆಟ್ಟ ಜೀವಕೋಶಗಳು ಅದನ್ನು ಹೆಚ್ಚಾಗಿ ಹೀರಿ, ಬೆಳಕಿಗೆ ಸ್ಪಂದಿಸುವ ವಸ್ತುವಾಗಿ ಬದಲಿಸುತ್ತವೆ. ಬಳಿಕ ಕೆಂಪು ಅಥವಾ ನೀಲಿ ಬೆಳಕು ಬಿಟ್ಟಾಗ ಆ ಕೋಶಗಳು ಸಾಯುತ್ತವೆ.

ತೇಪೆ ದಪ್ಪವಾಗಿದ್ದರೆ ಔಷಧ ಒಳಗೆ ಇಳಿಯುವುದಿಲ್ಲ. ಆಗ ಫ್ರಾಕ್ಷನಲ್ ಲೇಸರ್‌ನಿಂದ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಮಾಡಿ, ನಂತರ ಔಷಧ ಹಚ್ಚುತ್ತಾರೆ. ಗಟ್ಟಿ ನೆಲವನ್ನು ಕೆದಕಿ ನೀರು ಹಾಯಿಸಿದಂತೆ. ದಪ್ಪ ತೇಪೆಗಳಿಗೆ ಬರೀ ಬೆಳಕಿಗಿಂತ ಈ ಜೋಡಿ ಹೆಚ್ಚು ಫಲ ಕೊಡುತ್ತದೆ. ಆದರೆ ಉರಿ, ಕೆಂಪು, ಊತ, ಸಿಪ್ಪೆ ಏಳುವುದೂ ಹೆಚ್ಚು.

ನಮ್ಮ ಚರ್ಮಕ್ಕೆ ವಿಶೇಷ ಎಚ್ಚರಿಕೆ

ಬ್ಯೂಟಿ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾದ ಐಪಿಎಲ್ ಬೆಳಕನ್ನು ನಮ್ಮ ಚರ್ಮದ ಮೆಲನಿನ್ ಹೀರಿಕೊಳ್ಳುತ್ತದೆ. ಇದರಿಂದ ಸುಟ್ಟ ಗಾಯವಾಗಬಹುದು, ಗಾಯ ಮಾಗಿದ ಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಕಂದು ಚರ್ಮದ ಅನುಭವವಿರುವ ಚರ್ಮತಜ್ಞರನ್ನೇ ಕಾಣಿ, ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸಲು ಕೇಳಿ.

ಇನ್ನೂ ಮುಖ್ಯವಾದುದು: ಕಂದು ಚರ್ಮದಲ್ಲಿ ಬೇಸಲ್ ಸೆಲ್ ಕ್ಯಾನ್ಸರ್ ಹೆಚ್ಚಾಗಿ ಕಪ್ಪಗಿರುತ್ತದೆ, ನೋಡಲು ಮಚ್ಚೆಯಂತೆಯೇ ಕಾಣುತ್ತದೆ. ಅದನ್ನು ಮಚ್ಚೆಯೆಂದು ಲೇಸರ್‌ನಿಂದ ಸುಟ್ಟರೆ ಮೇಲಿನ ಗುರುತು ಅಳಿಸಿಹೋಗುತ್ತದೆ, ರೋಗ ಒಳಗೆ ಉಳಿಯುತ್ತದೆ. ಆದ್ದರಿಂದ ಕಲೆ ಯಾವುದೆಂದು ವೈದ್ಯರು ಹೇಳುವ ತನಕ ಲೇಸರ್ ಬೇಡ. ಸಂಶಯವಿದ್ದರೆ ಚರ್ಮದ ತುಣುಕು ತೆಗೆದು ಪರೀಕ್ಷಿಸುತ್ತಾರೆ.

ವೈದ್ಯರಿಗೆ ತಪ್ಪದೆ ಹೇಳಿ

• ಊರಿನಿಂದ ತಂದ ಬಿಳುಪಿನ ಕ್ರೀಮ್ (ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ)
• ಡಾಕ್ಸಿಸೈಕ್ಲಿನ್, ಐಸೊಟ್ರೆಟಿನೊಯಿನ್, ಬಿಪಿ ಮಾತ್ರೆ
• ಗರ್ಭಿಣಿಯಾಗಿದ್ದರೆ, ಲೂಪಸ್ ಇದ್ದರೆ, ತುಟಿಯಲ್ಲಿ ಪದೇಪದೇ ಹರ್ಪಿಸ್ ಗುಳ್ಳೆ ಬರುತ್ತಿದ್ದರೆ

ಚಿಕಿತ್ಸೆಯ ನಂತರ

ಬೆಳಕಿನ ಚಿಕಿತ್ಸೆಯಾದ ಮೇಲೆ ಸುಮಾರು 48 ಗಂಟೆ ಬಿಸಿಲು, ತೀಕ್ಷ್ಣ ಬೆಳಕು ಎರಡರಿಂದಲೂ ದೂರವಿರಿ. ಸನ್‌ಸ್ಕ್ರೀನ್ ಹಚ್ಚಿದರೂ ಈ ಅವಧಿಯಲ್ಲಿ ಅದು ಸಾಲದು. ಸಿಪ್ಪೆಯನ್ನು ಕೀಳಬೇಡಿ. ಗಾಯ ಮಾಗುವವರೆಗೆ ಅರಿಶಿನ, ನಿಂಬೆರಸ ಹಚ್ಚಬೇಡಿ. ಕೀವು, ಜ್ವರ ಅಥವಾ ಹೆಚ್ಚುತ್ತಿರುವ ನೋವು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ.

ದಿನನಿತ್ಯ

ಯುವಿ ಸೂಚ್ಯಂಕ 3 ಅಥವಾ ಹೆಚ್ಚಿದ್ದ ದಿನ ಅಗಲ ಅಂಚಿನ ಟೋಪಿ ಧರಿಸಿ, ಎಸ್‌ಪಿಎಫ್ 30 ಅಥವಾ ಮೇಲ್ಪಟ್ಟ ಸನ್‌ಸ್ಕ್ರೀನ್ ಹಚ್ಚಿ, ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಿ.

ನಾಲ್ಕು ವಾರವಾದರೂ ಮಾಯದ ಹುಣ್ಣು, ರಕ್ತ ಬರುವ ಅಥವಾ ಬಣ್ಣ, ಆಕಾರ ಬದಲಿಸುವ ಮಚ್ಚೆ, ಅಂಗಾಲು, ಅಂಗೈ, ಉಗುರಿನಡಿ ಹೊಸದಾಗಿ ಮೂಡಿದ ಕಪ್ಪು ಗೆರೆ ಇದ್ದರೆ ತಡಮಾಡದೆ ನಿಮ್ಮ ಜಿಪಿ ಬಳಿ ಹೋಗಿ. ಮನೆಯ ಹಿರಿಯರ ಮುಖ, ಕಿವಿಯ ಹಿಂಭಾಗ, ಪಾದ ನೋಡುವುದನ್ನೂ ಮರೆಯಬೇಡಿ. ಅವರು ತಾವಾಗಿ ಹೇಳುವುದು ಕಡಿಮೆ.