ಗುಳಿಗೆಗೆ ಲೆಕ್ಕವುಂಟು, ಕಾಯುವ ಕಣ್ಣಿಗೆ?

ಬೆಳಗಿನ ಬಿಸಿಲು ಇನ್ನೂ ಹೊಸ್ತಿಲನ್ನು ಮುಟ್ಟಿರುವುದಿಲ್ಲ. ರೋಣ ತಾಲ್ಲೂಕಿನ ಯಾವುದಾದರೊಂದು ಹಳ್ಳಿಯ ಓಣಿಯಲ್ಲಿ, ಕಂಕುಳಲ್ಲಿ ರಿಜಿಸ್ಟರು ಇರುಕಿಕೊಂಡ ಆಶಾ ಕಾರ್ಯಕರ್ತೆಯೊಬ್ಬಳು ಅರೆ ಮುಚ್ಚಿದ ಬಾಗಿಲ ಮುಂದೆ ನಿಂತು ಕೂಗುತ್ತಾಳೆ:

“ಯಕ್ಕಾ, ಅಣ್ಣಾರು ಗುಳಿಗಿ ತಗೊಂಡ್ರೇನು?”

“ತಗೊಂಡಾರವ್ವಾ. ನಿನ್ನಿ ಹೊಟ್ಟಿ ತೊಳಸಾಕತ್ತೇತಿ ಅಂದ್ರು. ಆದ್ರೂ ಬಿಟ್ಟಿಲ್ಲ.”

ಕಣ್ಣು ಹಳದಿಯಾಗಿದೆಯೇ, ಅನ್ನ ರುಚಿಸುತ್ತಿದೆಯೇ ಎಂದು ಇನ್ನೆರಡು ಮಾತು ಕೇಳಿ, ಗುರುತು ಹಾಕಿಕೊಂಡು ಅವಳು ಮುಂದಿನ ಮನೆಗೆ ನಡೆಯುತ್ತಾಳೆ. ಎಲ್ಲ ಸೇರಿ ಐದು ನಿಮಿಷದ ಕೆಲಸ. ಆದರೆ ಇಂತಹ ಐದು ನಿಮಿಷಗಳನ್ನು ಆರು ತಿಂಗಳ ಕಾಲ ಪೋಣಿಸಿದರೆ ಒಂದು ಜೀವ ಉಳಿಯುತ್ತದೆ. ಗುಳಿಗೆಯ ಖರ್ಚು ಸರಕಾರದ್ದು. ವೈದ್ಯರಿಗೆ ಸಂಬಳವುಂಟು. ಈ ಐದು ನಿಮಿಷಕ್ಕೆ ಬಿಲ್ಲು ಬರೆಯುವವರು ಯಾರು? ಅದನ್ನು ತೀರಿಸುವವರು ಯಾರು?

ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಇಂದು ಶ್ರೀಮಂತ ರಾಷ್ಟ್ರಗಳೂ ತಲೆ ಕೆಡಿಸಿಕೊಂಡಿರುವ ಪ್ರಶ್ನೆಯಿದು.

ಕಾಯುವುದೇಕೆ?

ಕ್ಷಯರೋಗವು ಮೋಸಗಾರ. ಚಿಕಿತ್ಸೆ ಮೊದಲಾದ ಕೆಲವು ವಾರಗಳಲ್ಲಿಯೇ ಕೆಮ್ಮು ಇಳಿಯುತ್ತದೆ, ಜ್ವರ ಬಿಡುತ್ತದೆ, ಮೈಗೆ ಕಸುವು ಬರುತ್ತದೆ. ‘ಇನ್ನೇಕೆ ಈ ಗುಳಿಗೆ?’ ಎಂದು ರೋಗಿ ಕೈಬಿಡುವುದು ಆಗಲೇ. ಸಾಮಾನ್ಯ ಕ್ಷಯಕ್ಕೆ ಎರಡು ತಿಂಗಳು ನಾಲ್ಕು ಬಗೆಯ ಔಷಧಿ, ಮುಂದೆ ನಾಲ್ಕು ತಿಂಗಳು ಮೂರು ಬಗೆಯ ಔಷಧಿ ಎಂಬುದು ಕ್ರಮ. ನಡುವೆ ಬಿಟ್ಟರೆ, ಅಳಿದುಳಿದ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ. ಅಂತಹ ರೋಗವು ಆ ರೋಗಿಯಿಂದ ಮನೆಮಂದಿಗೂ ಹರಡಬಲ್ಲದು. ಆದ್ದರಿಂದಲೇ 1997ರಲ್ಲಿ ಭಾರತದ ಕ್ಷಯ ನಿಯಂತ್ರಣ ಕಾರ್ಯಕ್ರಮವು, ರೋಗಿ ಗುಳಿಗೆ ನುಂಗುವುದನ್ನು ಮತ್ತೊಬ್ಬರು ಕಣ್ಣಾರೆ ನೋಡಬೇಕೆಂಬ ಪದ್ಧತಿಯನ್ನು ಕೈಗೊಂಡಿತು.

ಆದರೆ ನಮ್ಮ ರೋಣ, ನರಗುಂದ, ಗಜೇಂದ್ರಗಡದ ದುಡಿಯುವ ಜನ ವರ್ಷವಿಡೀ ಒಂದೇ ಊರಿನಲ್ಲಿ ಇರುವವರಲ್ಲ. ಮಳೆ ಕೈಕೊಟ್ಟಿತೆಂದರೆ ಗೋವೆಗೆ, ಮಂಗಳೂರಿಗೆ ದುಡಿಯಲು ಹೊರಟವರೇ. ಊರಲ್ಲೇ ಉಳಿದ ಗಜೇಂದ್ರಗಡದ ನೇಕಾರನಿಗಾದರೂ ಮಗ್ಗ ನಿಲ್ಲಿಸಿ ದವಾಖಾನೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಇಂತಹವರಿಗಾಗಿ ದೂರದಿಂದಲೇ ಕಣ್ಣಿಡುವ ಉಪಾಯಗಳು ಬಂದವು. ಒಂದು ಉಪಾಯದಲ್ಲಿ, ಗುಳಿಗೆಯ ಪಟ್ಟಿಯನ್ನು ಒಡೆದಾಗ ಒಳಗೆ ಅಡಗಿಸಿಟ್ಟ ದೂರವಾಣಿ ಸಂಖ್ಯೆ ಕಾಣುತ್ತದೆ. ರೋಗಿ ಅದಕ್ಕೆ ಒಂದು ‘ಮಿಸ್ಡ್ ಕಾಲ್’ ಕೊಟ್ಟರೆ ಆ ದಿನದ ಗುಳಿಗೆ ಲೆಕ್ಕಕ್ಕೆ ಸೇರಿತು. ಅವನ ಕೈಯಿಂದ ಕಾಸೂ ಖರ್ಚಿಲ್ಲ! 2020ರಲ್ಲಿ ‘ಇ-ಸಂಜೀವಿನಿ’ಯು ಜನರ ಮನೆ ಬಾಗಿಲಿಗೆ ಬಂದ ಮೇಲೆ, ದೂರದ ವೈದ್ಯರೊಡನೆ ಪುಕ್ಕಟೆಯಾಗಿ ಮಾತನಾಡುವುದೂ ಸಾಧ್ಯವಾಯಿತು.

ಅಮೆರಿಕೆಯ ಲೆಕ್ಕ

ಅಮೆರಿಕೆಯಲ್ಲಿ ಈ ಕಾವಲಿಗೊಂದು ದರಪಟ್ಟಿಯೇ ಇದೆ. ಮನೆಯಲ್ಲಿರುವ ರೋಗಿ ವ್ಯಾಯಾಮ ಮಾಡಿದನೇ, ಉಸಿರಾಟ ಹೇಗಿದೆ, ಔಷಧಿ ತಪ್ಪದೆ ತೆಗೆದುಕೊಂಡನೇ ಎಂದು ಯಂತ್ರದ ಮೂಲಕ ಗಮನಿಸುವ ಚಿಕಿತ್ಸಕನಿಗೆ, ಮುದುಕರ ಆರೋಗ್ಯ ವಿಮೆಯಾದ ‘ಮೆಡಿಕೇರ್’ 2022ರ ಜನವರಿಯಿಂದ ಪ್ರತ್ಯೇಕ ಹಣ ಕೊಡತೊಡಗಿತು. ಉಪಕರಣ ಕೊಟ್ಟು ಬಳಸುವುದನ್ನು ಕಲಿಸಿದ್ದಕ್ಕೆ ಒಂದು ಬಿಲ್ಲು, ತಿಂಗಳ ಮಾಹಿತಿಗೆ ಒಂದು, ಚಿಕಿತ್ಸಕ ಕಳೆದ 20 ನಿಮಿಷಕ್ಕೆ ಮತ್ತೊಂದು.

ಕೇಳಲು ಚೆನ್ನಾಗಿದೆ. ಆದರೆ ಕೊಕ್ಕೆಯೂ ಇತ್ತು. ಮೂವತ್ತು ದಿನಗಳಲ್ಲಿ ಕನಿಷ್ಠ 16 ದಿನಗಳ ಮಾಹಿತಿ ಬಂದಿರಬೇಕು. 15 ದಿನ ಬಂದರೆ ಆ ಮಾಹಿತಿಯ ಬಿಲ್ಲು ಸೊನ್ನೆ. ಯಂತ್ರದ ಬಳಕೆಯನ್ನು ಮರೆಯುವ ರೋಗಿಗೇ ಹೆಚ್ಚಿನ ಕಾವಲು ಬೇಕಲ್ಲವೇ? ಅವನನ್ನು ಕಾದವನಿಗೇ ಹಣವಿಲ್ಲ! ಈ ಅನ್ಯಾಯ ಅರಿವಾಗಿ, 2ರಿಂದ 15 ದಿನಗಳ ಮಾಹಿತಿಗೂ ಬಿಲ್ಲು ಮಾಡಲು 2026ರಿಂದ ಅವಕಾಶವಾಯಿತು. ಅಲ್ಲಿಯೂ ಬಿಲ್ಲಿನ ಐದನೆಯ ಒಂದು ಪಾಲು ಸಾಮಾನ್ಯವಾಗಿ ರೋಗಿಯ ತಲೆಯ ಮೇಲೆಯೇ.

ನಮ್ಮ ಲೆಕ್ಕ

ನಮ್ಮಲ್ಲಿ ವಿಮೆಯ ಹಣವು ಬಹುಮಟ್ಟಿಗೆ ಆಸ್ಪತ್ರೆಯ ಮಂಚವನ್ನು ಬಲ್ಲದು. ಮನೆಯ ಚಾಪೆಯನ್ನು ಅರಿಯದು. 2018ರಲ್ಲಿ ಕೂಡಿಕೊಂಡ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಇದು ದೊಡ್ಡ ಮಾತೇ ಸರಿ. ಆದರೆ ಪಾರ್ಶ್ವವಾಯು ಬಡಿದವನು ಮನೆಗೆ ಬಂದು ತಿಂಗಳುಗಟ್ಟಲೆ ಕೈಕಾಲು ಆಡಿಸುವುದನ್ನು ಕಲಿಯಬೇಕಾದಾಗ ಆ ಹಣ ಅವನ ಹಿಂದೆ ಬಾರದು. ದೂರವಾಣಿಯ ಸಲಹೆಗೂ ವೈದ್ಯರು ಶುಲ್ಕ ಪಡೆಯಬಹುದು, ರಶೀದಿ ಕೊಡಬೇಕು ಎಂದು 2020ರ ಮಾರ್ಚಿಯಲ್ಲಿ ಕೇಂದ್ರದ ಮಾರ್ಗಸೂಚಿ ಹೇಳಿತು. ಪಾಲಿಸಿಯಲ್ಲಿ ವೈದ್ಯರ ಸಲಹೆಗೆ ಹಣವಿದ್ದರೆ ದೂರದ ಸಲಹೆಗೂ ಕೊಡಬೇಕೆಂದು ಅದೇ ಜೂನಿನಲ್ಲಿ ವಿಮಾ ಪ್ರಾಧಿಕಾರವು ಕಂಪನಿಗಳಿಗೆ ತಿಳಿಸಿತು. ವೈದ್ಯರ ಮಾತಿಗೆ ಹೀಗೆ ದಾರಿಯಾಯಿತು. ದಿನದಿನದ ಕಾವಲಿಗೆ ಮಾತ್ರ ದಾರಿ ಇನ್ನೂ ಕಿರಿದು.

ಕ್ಷಯದ ಕಾರ್ಯಕ್ರಮವೇ ಇದಕ್ಕೊಂದು ಅಪವಾದ. ಇಲ್ಲಿ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು 2018ರ ಏಪ್ರಿಲಿನಿಂದ ತಿಂಗಳಿಗೆ 500 ರೂಪಾಯಿ ನೇರ ಬ್ಯಾಂಕಿಗೆ ಬರತೊಡಗಿತು. 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಯಿತು. ಗುಳಿಗೆ ನುಂಗಿಸಿ ಚಿಕಿತ್ಸೆ ಮುಗಿಸಿದ ಬೆಂಬಲಿಗರಿಗೆ ಗೌರವಧನವೂ ಉಂಟು: ಸಾಮಾನ್ಯ ಕ್ಷಯಕ್ಕೆ 1,000 ರೂಪಾಯಿ, ಔಷಧಿಗೆ ಬಗ್ಗದ ಕ್ಷಯಕ್ಕೆ 5,000 ರೂಪಾಯಿ. ಕಾಯುವ ಕಣ್ಣಿಗೂ ಬೆಲೆಯುಂಟೆಂದು ಒಪ್ಪಿದ್ದು ಮೆಚ್ಚತಕ್ಕದ್ದು. ಆದರೆ ಸಾವಿರ ರೂಪಾಯಿಯನ್ನು ಆರು ತಿಂಗಳಿಗೆ ಹಂಚಿ ನೋಡಿ: ದಿನವೊಂದಕ್ಕೆ ಸುಮಾರು ಐದೂವರೆ ರೂಪಾಯಿ!

ಬರೆದಿದ್ದರೆ ಉಂಟು

ಇನ್ನೊಂದು ತೊಡಕು ಬರವಣಿಗೆಯದು. ಹಳ್ಳಿಯಲ್ಲಿ ನಡೆದ ಕೆಲಸ ಕಂಪ್ಯೂಟರಿನಲ್ಲಿ ಕಾಣಿಸಿಕೊಂಡರೆ ಮಾತ್ರ ಕೂಲಿ. ನಡೆದದ್ದು ಕಾಲು, ದಾಖಲಿಸುವುದು ಮತ್ತಾರದೋ ಕೈ. ಆ ಕೈ ತಪ್ಪಿದರೆ ಕಾಲಿನ ಶ್ರಮ ಮಣ್ಣುಪಾಲು. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಹಗಲುರಾತ್ರಿ ಕುಳಿತಾಗ, ತಿಂಗಳಿಗೆ 15,000 ರೂಪಾಯಿ ಗೌರವಧನದ ಬೇಡಿಕೆಯ ಜೊತೆಗೆ ಈ ಪೋರ್ಟಲಿನ ಗಂಟನ್ನು ಬಿಡಿಸಬೇಕೆಂಬ ಬೇಡಿಕೆಯೂ ಇತ್ತು. ಕನಿಷ್ಠ 10,000 ರೂಪಾಯಿ ದೊರೆಯುವಂತೆ ಮಾಡುವುದಾಗಿ ಭರವಸೆ ಸಿಕ್ಕಿದ ಮೇಲೆ ಅವರು ಎದ್ದರು. ಅದೇ ವರ್ಷ ಅವರು ಮತ್ತೆ ಬೀದಿಗಿಳಿಯಬೇಕಾಯಿತು.

ಬಿಲ್ಲು ಎಂದರೇನೆಂಬುದನ್ನು ಈ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. 1980ರ ಜುಲೈಯಲ್ಲಿ ನರಗುಂದದ ರೈತರು ಮಲಪ್ರಭೆಯ ನೀರಾವರಿಯ ಕರದ ವಿರುದ್ಧ ಎದ್ದು ನಿಂತು ಗುಂಡಿಗೆ ಎದೆಯೊಡ್ಡಿದ ನೆಲವಿದು. ಸಿಕ್ಕ ಫಲಕ್ಕೂ ಕೇಳಿದ ಕರಕ್ಕೂ ತಾಳೆಯಿಲ್ಲವೆಂಬುದು ಅಂದಿನ ದೂರು. ಮಾಡಿದ ಕೆಲಸಕ್ಕೂ ಕೊಟ್ಟ ಕೂಲಿಗೂ ತಾಳೆಯಿಲ್ಲವೆಂಬುದು ಇಂದಿನ ದೂರು.

ಓದುಗರು ನೆನಪಿಡಬೇಕಾದ್ದು

ಸುಧಾರಣೆ ಬರುವಾಗ ಬರಲಿ. ಅಲ್ಲಿಯವರೆಗೆ ನಾವು ನಮ್ಮ ಲೆಕ್ಕವನ್ನು ತಿಳಿದಿರುವುದು ಮೇಲು. ಮನೆಯಲ್ಲಿ ಕ್ಷಯರೋಗಿಯಿದ್ದರೆ ‘ನಿಕ್ಷಯ್’ ಗುರುತಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬ್ಯಾಂಕ್ ಖಾತೆಯ ವಿವರ ಸರಿಯಾಗಿ ದಾಖಲಾಗಿದೆಯೇ ಎಂದು ವಿಚಾರಿಸಿ. ದುಡಿಯಲು ಬೇರೆ ಊರಿಗೆ ಹೊರಡುವ ಮುನ್ನ ಆರೋಗ್ಯ ಕಾರ್ಯಕರ್ತೆಗೆ ಹೇಳಿ. ಅಲ್ಲಿಯ ಕೇಂದ್ರದಲ್ಲಿಯೇ ಔಷಧಿ ದೊರೆಯುವಂತೆ ಮಾಡಲು ಬರುತ್ತದೆ. ಸಂದೇಹವಿದ್ದರೆ 1800-11-6666 ಎಂಬ ಪುಕ್ಕಟೆ ಸಂಖ್ಯೆಗೆ ಕರೆ ಮಾಡಬಹುದು. ಖಾಸಗಿ ವೈದ್ಯರ ದೂರವಾಣಿ ಸಲಹೆಗೆ ಹಣ ತೆತ್ತರೆ ರಶೀದಿ ಕೇಳಿ ಪಡೆಯಿರಿ. ವಿಮೆ ಇದ್ದವರು, ಆಸ್ಪತ್ರೆಗೆ ಸೇರದೆ ಪಡೆಯುವ ಚಿಕಿತ್ಸೆಗೆ ಹಣ ಬರುವುದೋ ಇಲ್ಲವೋ ಎಂದು ಪಾಲಿಸಿಯನ್ನು ಓದಿ ನೋಡಿರಿ.

ಮತ್ತೊಂದು ಮಾತು. ನಾಳೆ ನಸುಕಿನಲ್ಲಿ ನಿಮ್ಮ ಓಣಿಯಲ್ಲಿಯೂ ಆ ಕೂಗು ಕೇಳಬಹುದು. ಬಾಗಿಲು ತೆರೆದು ಉತ್ತರ ಕೊಡಿ. ಒಂದು ಲೋಟ ನೀರು ಕೊಟ್ಟು, “ಕುಂದರಬೇ ತಂಗೀ” ಎನ್ನಿರಿ. ಅದು ಅವಳಿಗೆ ಸಲ್ಲಬೇಕಾದ ಕೂಲಿಗೆ ಬದಲಾಗದು, ನಿಜ. ಆ ಕೂಲಿಯ ಮಾತನ್ನು ಗ್ರಾಮಸಭೆಯಲ್ಲಿ ಎತ್ತುವುದು ನಮ್ಮ ಕೆಲಸ.