ದೇಹದೊಳಗಿನ ನಂಜುಂಡ, ನರಸೀಪುರದ ರೇಷ್ಮೆ

ತಿರುಮಕೂಡಲು ನರಸೀಪುರದ ಬಳಿ ಇರುವ ನನ್ನ ಸೋದರಮಾವ ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕಿ ಮಕ್ಕಳನ್ನು ಓದಿಸಿದವರು. ಈಗ ಅವರ ಯಕೃತ್ತು ಗಟ್ಟಿಯಾಗಿ ಹಾಸಿಗೆ ಹಿಡಿದಿದ್ದಾರೆ. ತನ್ನ ಯಕೃತ್ತಿನ ಭಾಗವನ್ನು ಕೊಡಲು ಮಗ ಸಿದ್ಧ, ಮಾವ ಒಪ್ಪರು. ‘ಲಿವರನ್ನ ಲ್ಯಾಬಲ್ಲೇ ಬೆಳೀತಾರಂತಲ್ಲಪ್ಪ, ಅಲ್ಲಿಗಂಟ ಕಾಯ್ತೀನಿ. ಮಗನ ಹೊಟ್ಟೆ ಕುಯ್ಸಾಕಿಲ್ಲ’ ಎಂದರು.

ನನ್ನೂರು ನಂಜನಗೂಡಿಗೆ ಮರಳುವಾಗ ಆ ಮಾತೇ ಕಾಡಿತು. ನಂಜನ್ನು ಉಂಡ ಶ್ರೀಕಂಠೇಶ್ವರನ ಊರು ಅದು; ಟಿಪ್ಪು ಅವನನ್ನು ‘ಹಕೀಂ ನಂಜುಂಡ’ ಎಂದನೆಂಬ ಪ್ರತೀತಿಯಿದೆ. ನಮ್ಮ ದೇಹದೊಳಗಿನ ನಂಜುಂಡನೆಂದರೆ ಯಕೃತ್ತು. ರಕ್ತಕ್ಕೆ ಸೇರಿದ ಮದ್ಯ, ಔಷಧ, ಅಮೋನಿಯಾಗಳ ವಿಷವನ್ನು ಕಳೆಯುವುದು ಅದರ ಕಾಯಕ.

ಸೋಜಿಗವೆಂದರೆ, ದೇಹದಲ್ಲಿ ಕತ್ತರಿಸಿದರೂ ಮತ್ತೆ ಬೆಳೆಯಬಲ್ಲ ಈ ಅಂಗದ ಜೀವಕೋಶಗಳು ಪ್ರಯೋಗಾಲಯದ ಸಪಾಟು ತಟ್ಟೆಯಲ್ಲಿ ಕೆಲವೇ ದಿನಗಳಲ್ಲಿ ತಮ್ಮ ಗುಣ ಕಳೆದುಕೊಳ್ಳುತ್ತವೆ. ದೇಹದಲ್ಲಿ ಅವುಗಳಿಗೆ ಸೂಕ್ಷ್ಮ ಪ್ರೋಟೀನ್ ಎಳೆಗಳ ಆಸರೆಯಿರುತ್ತದೆ. ಆ ಆಸರೆಯನ್ನು ಕೃತಕವಾಗಿ ಹೆಣೆಯಲು ವಿಜ್ಞಾನಿಗಳು ಬಳಸುವ ವಸ್ತುಗಳಲ್ಲಿ ರೇಷ್ಮೆಯೂ ಒಂದು. ಅಂಟು ತೆಗೆದ ರೇಷ್ಮೆಯನ್ನು ಕರಗಿಸಿ, ಅಧಿಕ ವಿದ್ಯುತ್ ಒತ್ತಡದಲ್ಲಿ ಸೂಜಿಯ ಮೊನೆಯಿಂದ ಎಳೆದರೆ ಕೂದಲಿಗಿಂತ ನೂರಾರು ಪಟ್ಟು ತೆಳುವಾದ ನ್ಯಾನೊ ಎಳೆಗಳ ಜಾಲ ಸಿದ್ಧವಾಗುತ್ತದೆ. ಅಂಥ ಜಾಲದ ಮೇಲೆ ಕೋಶಗಳು ಒತ್ತಾಗಿ ಕೂಡಿ, ಹೆಚ್ಚು ದಿನ ಆಲ್ಬುಮಿನ್ ತಯಾರಿಸಬಲ್ಲವು. ನರಸೀಪುರದ ಸರ್ಕಾರಿ ಕಾರ್ಖಾನೆಯಲ್ಲಿ ಗೂಡಿನಿಂದ ಬಿಚ್ಚಿ ಮೈಸೂರು ಸೀರೆಗೆ ಸಾಗುವ ನೂಲಿನ ಮೂಲವಸ್ತುವೇ ಇದು!

2015ರಲ್ಲಿ ಬೆಂಗಳೂರಿನ ಪಂಡೋರಂ ಸಂಸ್ಥೆ ಮತ್ತೊಂದು ಹಾದಿ ಹಿಡಿದು, ತ್ರೀಡಿ ಮುದ್ರಣದಿಂದ ಯಕೃತ್ತಿನ ಅಂಗಾಂಶ ರೂಪಿಸಿರುವುದಾಗಿ ಪ್ರಕಟಿಸಿತು. ಅದು ಕಸಿ ಮಾಡುವ ಯಕೃತ್ತಲ್ಲ, ಸಣ್ಣ ತುಣುಕು. ಹೊಸ ಔಷಧ ಯಕೃತ್ತಿಗೆ ನಂಜಾಗುವುದೇ ಎಂದು ಪರೀಕ್ಷಿಸಲು ಇಂಥ ತುಣುಕುಗಳು ಉಪಯುಕ್ತ. ಇಡೀ ಅಂಗಕ್ಕಾದರೋ ಕೋಟ್ಯಂತರ ಕೋಶಗಳಿಗೆ ರಕ್ತ ಮುಟ್ಟಿಸುವ ನಾಳಗಳು, ಪಿತ್ತವನ್ನು ಸಾಗಿಸುವ ಕಾಲುವೆಗಳು ಬೇಕು. ಆ ಜಾಲವನ್ನು ಹೆಣೆಯುವ ವಿದ್ಯೆ ಇನ್ನೂ ಕೈಗೂಡಿಲ್ಲ.

ವಿಜ್ಞಾನದ ಸುದ್ದಿ ಓದುವ ನಾವು ಈ ಅಂತರವನ್ನು ಮರೆಯುತ್ತೇವೆ. ರೋಗಿಗೆ ಆ ಮರೆವು ದುಬಾರಿ. ಹೆಪಟೈಟಿಸ್ ಬಿ ಲಸಿಕೆ, ಮದ್ಯದಿಂದ ದೂರ, ರಾಜ್ಯದ ‘ಜೀವಸಾರ್ಥಕತೆ’ಯ ಮೂಲಕ ಅಂಗದಾನ: ಇಂದು ಜೀವ ಉಳಿಸಬಲ್ಲವು ಇವು.

ಮರುವಾರ ಮಾವನಿಗೆ ಹೇಳಿದೆ: ‘ನೀವು ಬೆಳೆದ ರೇಷ್ಮೆಯ ಮೇಲೆ ಲಿವರಿನ ಕೋಶ ಬದುಕುತ್ತೆ ಮಾವ, ನಿಜ. ಆದರೆ ನಿಮ್ಮ ಕಾಯಿಲೆ ಅಲ್ಲೀತನಕ ಕಾಯೋದಿಲ್ಲ. ಮಗ ಕೊಟ್ಟ ಭಾಗ ಅವನಲ್ಲೂ ಬೆಳೆಯುತ್ತೆ, ನಿಮ್ಮಲ್ಲೂ ಬೆಳೆಯುತ್ತೆ.’ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನನ್ನು ಕರೆದು, ಆಪರೇಷನ್‌ನಿಂದ ಅವನಿಗೇನು ಅಪಾಯವೆಂದು ಡಾಕ್ಟರನ್ನು ತಾವೇ ಕೇಳಬೇಕೆಂದರು.