ಕಂಪೈಲರ್ ಕಟ್ಟುವ ಬಗೆ: ಹಂತ ಹಲವು, ಅರ್ಥ ಒಂದೇ

ಬೈಲಹೊಂಗಲ ಸೀಮೆಯ ಎರೆ ಭೂಮಿಯಲ್ಲಿ ಬೆಳೆದ ಹತ್ತಿ ಒಂದೇ ಕೈಯಲ್ಲಿ ಬಟ್ಟೆಯಾಗುವುದಿಲ್ಲ. ಜಿನ್ನಿಂಗ್ ಗಿರಣಿ ಬೀಜ ಬಿಡಿಸಿ ಅರಳೆ ಕೊಡುತ್ತದೆ. ನೂಲಿನ ಗಿರಣಿ ಅರಳೆಯನ್ನು ನೂಲಾಗಿಸುತ್ತದೆ. ರಾಮದುರ್ಗದಂಥ ಊರಿನ ಮಗ್ಗಗಳಲ್ಲಿ ಆ ನೂಲು ಹಾಸುಹೊಕ್ಕಾಗುತ್ತದೆ. ಹತ್ತಿ ಯಾವ ಹೊಲದ್ದೆಂದು ನೇಕಾರನಿಗೆ ತಿಳಿಯಬೇಕಾಗಿಲ್ಲ. ಕೇಳಿದ ನಂಬರಿನ ನೂಲು ಕೈಗೆ ಬಂದರೆ ಸಾಕು. ಗಣಕಯಂತ್ರದ ಕಂಪೈಲರನ್ನೂ ಹೀಗೆಯೇ ಬಿಡಿ ಬಿಡಿ ಹಂತಗಳಲ್ಲಿ ಕಟ್ಟುತ್ತಾರೆ.

ನಾವು ಓದಿ ಬರೆಯಬಲ್ಲ ಭಾಷೆಯಲ್ಲಿರುವ ಪ್ರೋಗ್ರಾಮನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಇನ್ನೊಂದು ಪ್ರೋಗ್ರಾಮೇ ಕಂಪೈಲರ್. ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಗೆ ಇಂಥದೊಂದನ್ನು 1957ರಲ್ಲಿ ಹೊರತಂದರು. ನೀವು ‘ದರ × (2 + 3)’ ಎಂದು ಬರೆದಿರೆನ್ನಿ. ಮೊದಲ ಹಂತ ಈ ಸಾಲನ್ನು ಪದಗಳಾಗಿ ಬಿಡಿಸುತ್ತದೆ. ಎರಡನೆಯದು ವ್ಯಾಕರಣ ನೋಡಿ, ಯಾವುದು ಯಾವುದರೊಡನೆ ಕೂಡಬೇಕೆಂದು ತೋರಿಸುವ ಮರವೊಂದನ್ನು ಕಟ್ಟುತ್ತದೆ. ಮೂರನೆಯದು 2 + 3 ಇರುವ ಕೊಂಬೆಯನ್ನು ತೆಗೆದು ಅಲ್ಲಿ 5 ಇಡುತ್ತದೆ. ಕೊನೆಯದು ಮರವನ್ನು ಯಂತ್ರದ ಆದೇಶಗಳಾಗಿಸುತ್ತದೆ. ಭಾಷೆ 5, ಯಂತ್ರದ ಬಗೆ 4 ಇದ್ದರೆ ಇಡೀ ಕಂಪೈಲರುಗಳು 20 ಬೇಕು. ನಡುವಿನ ಮರದ ರೂಪವನ್ನು ಎಲ್ಲರೂ ಒಪ್ಪಿಕೊಂಡರೆ 5 ಮುಂಭಾಗ, 4 ಹಿಂಭಾಗ, ಒಟ್ಟು 9 ತುಂಡುಗಳಲ್ಲಿ ಕೆಲಸ ಮುಗಿಯುತ್ತದೆ.

ಇಂಥ ಹಂತಗಳನ್ನು ಬರೆಯಲು ಎಂಎಲ್, ಹ್ಯಾಸ್ಕೆಲ್ ಮೊದಲಾದ ಫಂಕ್ಷನಲ್ ಭಾಷೆಗಳು ಬಹಳ ಒಗ್ಗುತ್ತವೆ. ಅವುಗಳಲ್ಲಿ ಪ್ರತಿ ಹಂತವೂ ಗಣಿತದ ಪುಸ್ತಕದಲ್ಲಿ ನೀವು ಕಂಡ ಫಂಕ್ಷನ್ನಿನಂತೆ: ಒಂದು ಮರ ಒಳಗೆ, ಇನ್ನೊಂದು ಮರ ಹೊರಗೆ. ಶುದ್ಧ ಫಂಕ್ಷನ್ ಮಗ್ಗಿ ಪುಸ್ತಕವಿದ್ದಂತೆ. ಎಷ್ಟು ಸಲ ಕೇಳಿದರೂ ಉತ್ತರ ಅದೇ. ಬ್ಯಾಂಕಿನ ಟೋಕನ್ ಯಂತ್ರ ಹಾಗಲ್ಲ. ಒಮ್ಮೆ ಒತ್ತಿದರೆ 1, ಮತ್ತೊಮ್ಮೆ ಒತ್ತಿದರೆ 2, ಕೂಡಿದರೆ 3. ‘ಎರಡು ಸಲ ಏಕೆ, ಒಮ್ಮೆ ಒತ್ತಿ ದುಪ್ಪಟ್ಟು ಮಾಡೋಣ’ ಎಂದು ಕಂಪೈಲರ್ ಜಾಣತನ ತೋರಿದರೆ ಬರುವುದು 2. ಲೆಕ್ಕವೇ ಕೆಟ್ಟಿತು! ಮಗ್ಗಿ ಪುಸ್ತಕದ ವಿಷಯದಲ್ಲಿ ಮಾತ್ರ ಈ ಜಾಣತನಕ್ಕೆ ಅಪಾಯವಿಲ್ಲ.

ಈ ಗುಣದ ಬೆಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಕೆಲಸದಲ್ಲಿ ಚೆನ್ನಾಗಿ ಕಾಣುತ್ತದೆ. ಉದಯ್ ಬೊಂಧುಗುಲ ಮತ್ತು ಅವರ ವಿದ್ಯಾರ್ಥಿಗಳು 2015ರಲ್ಲಿ ‘ಪಾಲಿಮೇಜ್’ ಎಂಬ ಭಾಷೆಯನ್ನೂ ಅದರ ಕಂಪೈಲರನ್ನೂ ಪ್ರಕಟಿಸಿದರು. ಚಿತ್ರವನ್ನು ಮಸುಕುಗೊಳಿಸುವುದು, ಅಂಚು ಹುಡುಕುವುದು ಮುಂತಾದ ಹಂತಗಳನ್ನು ಇದರಲ್ಲಿ ಒಂದೊಂದು ಫಂಕ್ಷನ್ ಆಗಿ ಬರೆಯಬೇಕು. ಬರೆಯುವವರಿಗೆ ಇದು ಸುಲಭ, ಯಂತ್ರಕ್ಕೆ ಹೊರೆ. ಪ್ರತಿ ಹಂತದ ಪೂರ್ತಿ ಚಿತ್ರವನ್ನು ಸ್ಮೃತಿಯಲ್ಲಿಟ್ಟು ಮತ್ತೆ ತರುವುದರಲ್ಲೇ ಹೊತ್ತು ಹೋಗುತ್ತದೆ. ಆದ್ದರಿಂದ ಕಂಪೈಲರ್ ಚಿತ್ರವನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ, ಒಂದು ಚೌಕ ಕೈಯಳತೆಯಲ್ಲಿರುವಾಗಲೇ ಹಲವು ಹಂತಗಳನ್ನು ಅದರ ಮೇಲೆ ನಡೆಸಿಬಿಡುತ್ತದೆ. ಚೌಕದ ಅಂಚಿಗೆ ಪಕ್ಕದ ಚೌಕದ ಚುಕ್ಕೆಗಳೂ ಬೇಕಲ್ಲ? ಅವನ್ನು ಎರಡೂ ಕಡೆ ಲೆಕ್ಕ ಹಾಕುತ್ತದೆ. ದಂಡವೆನಿಸಬಹುದು, ಆದರೆ ತಂದುಕೊಳ್ಳುವುದಕ್ಕಿಂತ ಮತ್ತೆ ಎಣಿಸುವುದೇ ಬೇಗ. ಎರಡು ಸಲ ಎಣಿಸಿದರೂ ಉತ್ತರ ಒಂದೇ ಎಂಬ ಭರವಸೆ ಇರುವುದರಿಂದಲೇ ಇದು ಸಾಧ್ಯ. ಬಿಡಿಯಾಗಿ ಬರೆದುದನ್ನು ಬೆಸೆದು ಓಡಿಸಿದರೂ ಅರ್ಥ ಕೆಡಲಿಲ್ಲ.

ಅರ್ಥ ಕೆಟ್ಟರೆ? ನಿಮ್ಮ ಪ್ರೋಗ್ರಾಂ ಸರಿಯಿದ್ದೂ ಉತ್ತರ ತಪ್ಪುತ್ತದೆ. ತಪ್ಪು ಎಲ್ಲಿದೆಯೆಂದು ನಿಮ್ಮ ಸಾಲುಗಳಲ್ಲಿ ಎಷ್ಟು ಹುಡುಕಿದರೂ ಸಿಗದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸಿ ಭಾಷೆಯ ಕಂಪೈಲರುಗಳನ್ನು ಯಾದೃಚ್ಛಿಕ ಪ್ರೋಗ್ರಾಮುಗಳಿಂದ ಪರೀಕ್ಷಿಸಿ, 325ಕ್ಕೂ ಹೆಚ್ಚು ಹೊಸ ದೋಷಗಳನ್ನು ಕಂಡುದಾಗಿ 2011ರಲ್ಲಿ ವರದಿ ಮಾಡಿದರು. ಜಗತ್ತೆಲ್ಲ ಬಳಸುವ ಕಂಪೈಲರುಗಳೂ ಅದರಲ್ಲಿದ್ದವು. ಫ್ರಾನ್ಸಿನ ಕ್ಸೇವಿಯರ್ ಲೆರಾಯ್ ಮತ್ತು ಸಂಗಡಿಗರ ‘ಕಾಂಪ್‌ಸರ್ಟ್’ ಕಂಪೈಲರಿನ ನಡುಭಾಗದಲ್ಲಿ ಮಾತ್ರ ಅಂಥ ತಪ್ಪು ಅರ್ಥ ಮಾಡುವ ದೋಷ ಸಿಗಲಿಲ್ಲ. ಅಲ್ಲಿ ಪ್ರತಿ ಹಂತವೂ ಒಂದು ಫಂಕ್ಷನ್. ಒಳಹೋದದ್ದರ ಅರ್ಥವೇ ಹೊರಬರುತ್ತದೆಂದು ರೇಖಾಗಣಿತದ ಪ್ರಮೇಯದಂತೆ ಹಂತ ಹಂತಕ್ಕೂ ಸಾಧಿಸಲಾಗಿದೆ. ಅದೇ ಕಂಪೈಲರಿನ ಸಾಧನೆಯಿಲ್ಲದ ಭಾಗಗಳಲ್ಲಿ ದೋಷಗಳು ಸಿಕ್ಕವು. ವ್ಯಾಕರಣ ನೋಡಿ ಮರ ಕಟ್ಟುವ ಹಂತಕ್ಕೂ ಅಂಥ ಸಾಧನೆ 2012ರಲ್ಲಿ ಬಂದಿತು.